ಬಂಕಿನಲ್ಲಿ ‘ನೋ ಸ್ಟಾಕ್’ ಬೋರ್ಡ್ ಬೀಳುವ ಮೊದಲು: ಬಂಕ್ ಮ್ಯಾನೇಜರ್ ಒಬ್ಬನ ಕಿವಿಮಾತು

ಪೆಟ್ರೋಲ್ ಸಿಗಲ್ವಂತೆ ಅನ್ನುವ ಸುದ್ದಿ ಮೊದಲು ಮೊಬೈಲಿಗೆ ಬರುತ್ತದೆ. ಅರ್ಧ ಗಂಟೆಗೆಲ್ಲ ಬೈಕುಗಳು ಬಂಕಿಗೆ ಬರುತ್ತವೆ. ಸಂಜೆ ಹೊತ್ತಿಗೆ ಬಂಕ್ ಖಾಲಿಯಾಗಿ, ಬೆಳಗ್ಗೆ ಸುಳ್ಳಾಗಿದ್ದ ಸುದ್ದಿ ನಿಜವೇ ಆಗಿಬಿಟ್ಟಿರುತ್ತದೆ.

ನಾನು ರಾಣೆಬೆನ್ನೂರಿನ ಕಡೆ ಹೆದ್ದಾರಿ ಪಕ್ಕದ ಒಂದು ಬಂಕಿನಲ್ಲಿ ಮ್ಯಾನೇಜರ್. ಹೆಸರಿಗೆ ಮ್ಯಾನೇಜರ್ ಅಷ್ಟೇ. ಇಂಡೆಂಟ್ ಹಾಕುವುದು, ಅಂದರೆ ಕಂಪನಿಗೆ ಮಾಲಿನ ಬೇಡಿಕೆ ಕಳಿಸುವುದು, ಟ್ಯಾಂಕರ್ ಇಳಿಸಿಕೊಳ್ಳುವುದು, ಲೆಕ್ಕ ಬರೆಯುವುದು, ಹುಡುಗರು ರಜೆ ಹಾಕಿದರೆ ಪೆಟ್ರೋಲ್ ಹಾಕುವ ನಾಜಲ್ ಹಿಡಿಯುವುದು ಎಲ್ಲವೂ ನನ್ನ ಪಾಲಿಗೇ. ಜನ ಗಾಬರಿಬಿದ್ದು ಓಡಿ ಬರುವುದನ್ನು ನಾಜಲ್ ಹಿಡಿದ ಕಡೆಯಿಂದ ನೋಡಿದವನು ನಾನು. ಅಲ್ಲಿಂದ ಏನು ಕಾಣುತ್ತದೆ, ಮನೆಯಲ್ಲಿ, ಹೊಲದಲ್ಲಿ, ರಸ್ತೆಯಲ್ಲಿ ಏನು ಮಾಡಿದರೆ ಆ ಮೂರು ನಾಲ್ಕು ದಿನ ಸಲೀಸಾಗಿ ಕಳೆಯುತ್ತದೆ ಅನ್ನುವುದನ್ನು ಬರೆಯುತ್ತೇನೆ.

ನೆಲದ ಕೆಳಗೆ ಎಷ್ಟಿರುತ್ತದೆ?

ಬಂಕಿನ ಕಾಂಕ್ರೀಟ್ ಕೆಳಗೆ ಟ್ಯಾಂಕುಗಳಿರುತ್ತವೆ. ನಮ್ಮಂಥ ಬಂಕಿನಲ್ಲಿ 20,000 ಲೀಟರ್ ಹಿಡಿಯುವ ಟ್ಯಾಂಕು ಸಾಮಾನ್ಯ. ಹಿಡಿಯುತ್ತದೆ ಅಂದಮಾತ್ರಕ್ಕೆ ಅದು ಯಾವಾಗಲೂ ತುಂಬಿರುತ್ತದೆ ಅಂತಲ್ಲ. 12,000 ಲೀಟರ್ ಪೆಟ್ರೋಲಿನ ಒಂದು ಲೋಡ್ ತರಿಸಲು ಸುಮಾರು 12 ಲಕ್ಷ ರೂಪಾಯಿ ಬೇಕು. ಎಷ್ಟೋ ಡೀಲರುಗಳು ನಿನ್ನೆ ಮಾರಿದ ದುಡ್ಡನ್ನು ಕಟ್ಟಿಯೇ ಇವತ್ತಿನ ಇಂಡೆಂಟ್ ಹಾಕುತ್ತಾರೆ. ಹಾಗಾಗಿ ಬಂಕಿನಲ್ಲಿ ಕೆಲವೇ ದಿನಗಳ ಮಾಲು ಇರುತ್ತದೆ. ಅದರಲ್ಲೂ ಟ್ಯಾಂಕಿನ ತಳದಲ್ಲಿರುವುದು ಪಂಪಿಗೆ ಸಿಗುವುದಿಲ್ಲ.

ಈಗ ಸ್ಟಾಕ್ ಎಷ್ಟಿದೆ ಅಂತ ಆಫೀಸಿನ ಪರದೆ ಮೇಲೆಯೇ ಬರುತ್ತದೆ. ಆದರೂ ಬೆಳಗ್ಗೆ ಟ್ಯಾಂಕಿನ ಮಟ್ಟ ಅಳೆಯುವ ಡಿಪ್ ಕೋಲು ಇಳಿಸದೆ ನನಗೆ ಸಮಾಧಾನವಿಲ್ಲ. ಕೋಲಿನ ತುದಿಗೆ ನೀರು ಪತ್ತೆ ಮಾಡುವ ಪೇಸ್ಟ್ ಸವರಿ, ನೆಟ್ಟಗೆ ತಳ ಮುಟ್ಟುವವರೆಗೆ ಇಳಿಸಿ, ಮೇಲೆ ಎಳೆದ ಕೂಡಲೇ ಗೆರೆ ನೋಡಬೇಕು. ಪೆಟ್ರೋಲ್ ಗೆರೆ ನಿಲ್ಲುವುದೇ ಇಲ್ಲ, ನೋಡನೋಡುತ್ತಲೇ ಆರಿಹೋಗುತ್ತದೆ. ಬಿಸಿಲೇರಿದ ಮೇಲಂತೂ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಡೀಸೆಲ್ ಹಾಗಲ್ಲ, ಕೋಲಿಗೆ ಅಂಟಿಕೊಂಡು ಕೂತಿರುತ್ತದೆ. ಪೆಟ್ರೋಲನ್ನು ಮನೆಯಲ್ಲಿ ಇಡಬೇಡಿ ಅಂತ ಮುಂದೆ ಯಾಕೆ ಹೇಳುತ್ತೇನೆ ಅನ್ನುವುದಕ್ಕೆ ಆ ಆರಿಹೋಗುವ ಗೆರೆಯೇ ಸಾಕ್ಷಿ.

ಒಂದು ಲೆಕ್ಕ ಹಾಕೋಣ. ದಿನಕ್ಕೆ 700 ಬೈಕು ಬಂದು ತಲಾ ನೂರು ರೂಪಾಯಿಗೆ ಹಾಕಿಸುತ್ತವೆ ಅಂತ ಹಿಡಿಯಿರಿ. ನೂರಕ್ಕೆ ಈಗ ಒಂದು ಲೀಟರೂ ಪೂರ್ತಿ ಬರಲ್ಲ, ಹಾಗಾಗಿ ಒಟ್ಟು 700 ಲೀಟರಿಗಿಂತ ಕಡಿಮೆಯೇ. ಅದೇ 700 ಬೈಕು ಒಂದೇ ದಿನ ಫುಲ್ ಟ್ಯಾಂಕ್ ಮಾಡಿಸಿದರೆ, ಬೈಕಿಗೆ 8 ಲೀಟರ್ ಅಂದರೂ 5,600 ಲೀಟರ್ ಆಯಿತು. ನಾಳೆ, ನಾಡಿದ್ದು ಬರಬೇಕಿದ್ದವರೂ ಇವತ್ತೇ ಬಂದರೆ ಅದರ ಎರಡು ಮೂರು ಪಟ್ಟು. ದಿನಗಟ್ಟಲೆ ನಡೆಯಬೇಕಿದ್ದ ಪೆಟ್ರೋಲ್ ಹೊತ್ತು ಮುಳುಗುವುದರೊಳಗೆ ಖಾಲಿ. ಹಾಗಂತ ಅದು ಊರು ಬಿಟ್ಟು ಎಲ್ಲಿಗೂ ಹೋಗಿಲ್ಲ. ಮನೆ ಮುಂದೆ ನಿಂತ ಗಾಡಿಗಳ ಟ್ಯಾಂಕಿನಲ್ಲೇ ಇದೆ. ನಾಳೆ ನಿಜಕ್ಕೂ ಬೇಕಾದವನಿಗೆ ಮಾತ್ರ ಸಿಗುವುದಿಲ್ಲ.

ಯಾವ ತರಹದ ಕೊರತೆ ಅಂತ ಮೊದಲು ನೋಡಿ

ಎಲ್ಲ ಕೊರತೆಯೂ ಒಂದೇ ಅಲ್ಲ. ಕಾರಣ ಗೊತ್ತಾದರೆ ಎಷ್ಟು ದಿನ ಅನ್ನುವ ಅಂದಾಜು ತಾನಾಗಿ ಸಿಗುತ್ತದೆ.

ಚಾಲಕರ ಮುಷ್ಕರ ಒಂದು ಬಗೆ. 2024ರ ಜನವರಿ ಮೊದಲ ಎರಡು ದಿನ ನೆನಪಿರಬೇಕು. ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಮಿನಲ್ಲಿ, ಅಪಘಾತ ಮಾಡಿ ತಿಳಿಸದೆ ಓಡಿಹೋದ ಚಾಲಕನಿಗೆ 10 ವರ್ಷದವರೆಗೆ ಜೈಲು ಅಂತ ಇತ್ತು. ಅದನ್ನು ವಿರೋಧಿಸಿ ಲಾರಿ, ಟ್ಯಾಂಕರ್ ಚಾಲಕರು ಹಲವು ರಾಜ್ಯಗಳಲ್ಲಿ ಗಾಡಿ ನಿಲ್ಲಿಸಿದರು. ಹೈದರಾಬಾದಿನಲ್ಲಿ ಬಂಕುಗಳ ಮುಂದೆ ಮಾರುದ್ದ ಸಾಲು. ಊಟ ತಲುಪಿಸುವ ಹುಡುಗನೊಬ್ಬ ಕುದುರೆ ಏರಿ ಹೊರಟ ವಿಡಿಯೋ ಎಲ್ಲರ ಫೋನಿಗೂ ಬಂತು. ಚಂಡೀಗಢದಲ್ಲಿ ಬೈಕಿಗೆ 2 ಲೀಟರ್, ಕಾರಿಗೆ 5 ಲೀಟರ್ ಅಂತ ಮಿತಿ ಹಾಕಿದರು. ಜನವರಿ 2ರ ರಾತ್ರಿ ದಿಲ್ಲಿಯಲ್ಲಿ ಸರ್ಕಾರ ಮತ್ತು ಸಾಗಣೆದಾರರ ಮಾತುಕತೆ ಮುಗಿಯಿತು, ಮುಷ್ಕರವೂ ಇಳಿಯಿತು. ಇಂಥವು ಹೆಚ್ಚಾಗಿ ಎರಡು ಮೂರು ದಿನದ ಕಥೆ. ಅರ್ಧ ಟ್ಯಾಂಕ್ ಇದ್ದವನು ಆ ಎರಡು ದಿನ ಬಂಕಿನ ಕಡೆ ತಲೆ ಹಾಕಬೇಕಾಗಿಯೇ ಇರಲಿಲ್ಲ.

ಡೀಲರುಗಳು ಕಮಿಷನ್ ಹೆಚ್ಚಿಸಿ ಅಂತ ಒಂದು ದಿನ ಖರೀದಿ ನಿಲ್ಲಿಸುವುದು ಇನ್ನೊಂದು ಬಗೆ. 2022ರ ಮೇ 31ರಂದು ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಹಾಗೆ ಮಾಡಿದ್ದರು. ಅವತ್ತು ನಿಂತದ್ದು ಖರೀದಿ, ಮಾರಾಟ ಅಲ್ಲ. ಟ್ಯಾಂಕಿನಲ್ಲಿ ಇದ್ದದ್ದನ್ನು ಕೊಡುತ್ತಲೇ ಇದ್ದೆವು. ‘ನಾಳೆ ಬಂಕ್ ಬಂದ್’ ಅಂತ ಓದಿಕೊಂಡವರು ಸುಮ್ನೆ ಸಾಲಿನಲ್ಲಿ ನಿಂತರು. ಸುದ್ದಿಯಲ್ಲಿ ‘ಖರೀದಿ’ ಅಂತ ಇದೆಯೋ ‘ಮಾರಾಟ’ ಅಂತ ಇದೆಯೋ ನೋಡಿಕೊಳ್ಳಿ, ಅರ್ಧ ಗಾಬರಿ ಇಳಿಯುತ್ತದೆ.

ಮೂರನೆಯದು ನಿಜವಾದ ಬಿಗಿ. 2022ರ ಜೂನ್‌ನಲ್ಲಿ ನಮ್ಮ ಕಡೆ ಕಂಡದ್ದು ಅದೇ. ಕಚ್ಚಾ ತೈಲದ ಬೆಲೆ ಏರಿತ್ತು, ಬಂಕಿನ ದರ ಏರಿರಲಿಲ್ಲ. ನಷ್ಟ ಆಗುತ್ತದೆ ಅಂತ ಖಾಸಗಿ ಕಂಪನಿಗಳ ಬಂಕುಗಳು ಮಾರಾಟ ತಗ್ಗಿಸಿದವು. ಸಗಟಾಗಿ ಕೊಳ್ಳುವವರಿಗೆ ಬಂಕಿನ ದರಕ್ಕಿಂತ ಜಾಸ್ತಿ ಬೀಳುತ್ತಿದ್ದದ್ದರಿಂದ ಆ ದೊಡ್ಡ ಗಿರಾಕಿಗಳೂ ನಮ್ಮಂಥ ಬಂಕುಗಳಿಗೇ ಬಂದರು. ಮೇಲೆ ಬಿತ್ತನೆ ಕಾಲ. ಕೆಲವು ಕಡೆ ಬೇಡಿಕೆ ವಿಪರೀತ ಏರಿದೆ ಅಂತ ಕೇಂದ್ರ ಸರ್ಕಾರವೇ ಕರ್ನಾಟಕ, ರಾಜಸ್ಥಾನ, ಮಧ್ಯಪ್ರದೇಶದ ಹೆಸರು ಹೇಳಿತು. ಇಂಥದ್ದು ವಾರಗಟ್ಟಲೆ ಎಳೆಯುತ್ತದೆ. ಪೂರ್ತಿ ನಿಲ್ಲುವುದಿಲ್ಲ, ಇವತ್ತು ಇದ್ದರೆ ನಾಳೆ ಇಲ್ಲ ಅನ್ನುವ ಹಾಗೆ ನಡೆಯುತ್ತದೆ. ಓಡಾಟವನ್ನೇ ಕಡಿಮೆ ಮಾಡಬೇಕಾದದ್ದು ಇಂಥ ಸಮಯದಲ್ಲಿ.

‘ಮಂಗಳೂರಿನಲ್ಲಿ ರಿಫೈನರಿ ಇದೆ, ಪಾದೂರಿನಲ್ಲಿ ನೆಲದೊಳಗೆ 25 ಲಕ್ಷ ಟನ್ ಸಂಗ್ರಹಕ್ಕೆ ಜಾಗ ಮಾಡಿದ್ದಾರೆ, ಆದ್ರೂ ಯಾಕೆ ಇಲ್ಲ?’ ಅಂತ ಜಗಳಕ್ಕೆ ಬರುವವರಿದ್ದಾರೆ. ಪಾದೂರಿನದು ಕಚ್ಚಾ ತೈಲದ ಗುಹೆ ಮಾರಾಯ್ರೆ. ಅದು ಪೆಟ್ರೋಲ್ ಆಗಿ, ತೈಲ ಕಂಪನಿಯ ಡಿಪೋಗೆ ಬಂದು, ಟ್ಯಾಂಕರ್ ಹತ್ತಿ, ನಮ್ಮಲ್ಲಿ ಇಳಿಯಬೇಕು. ಹೆಚ್ಚಾಗಿ ತೊಡಕಾಗುವುದು ಈ ಕೊನೆಯ ದಾರಿಯಲ್ಲೇ. 2021ರ ಸೆಪ್ಟೆಂಬರ್ ಕೊನೆಯಲ್ಲಿ ಬ್ರಿಟನ್ನಿನಲ್ಲೂ ಹಾಗೇ ಆಯಿತು. ಇಂಧನ ಇತ್ತು, ಟ್ಯಾಂಕರ್ ಓಡಿಸುವವರು ಸಾಲಲಿಲ್ಲ. ಕೆಲವು ಬಂಕ್ ಮುಚ್ಚುತ್ತವೆ ಅಂದದ್ದೇ ತಡ, ಜನ ಮುಗಿಬಿದ್ದರು. ಅಕ್ಟೋಬರ್ 4ರಿಂದ ಸೈನಿಕರನ್ನು ಟ್ಯಾಂಕರ್ ಕೆಲಸಕ್ಕೆ ಇಳಿಸಬೇಕಾಯಿತು.

ಅರ್ಧ ಟ್ಯಾಂಕಿನ ರೂಢಿ

ನನ್ನನ್ನು ಕೇಳಿದರೆ ಇದೊಂದು ರೂಢಿ ಸಾಕು. ಮುಳ್ಳು ಅರ್ಧಕ್ಕೆ ಬಂದಾಗ ಹಾಕಿಸಿ, ರಿಸರ್ವಿಗೆ ಬರುವವರೆಗೆ ಕಾಯಬೇಡಿ. ಏನೂ ಗಲಾಟೆ ಇಲ್ಲದ ದಿನಗಳಲ್ಲಿ ಹೀಗೆ ಮಾಡಿದರೆ ಖರ್ಚು ಒಂದು ಪೈಸೆಯೂ ಹೆಚ್ಚಾಗುವುದಿಲ್ಲ. ಮೊದಲ ಸಲ ಮಾತ್ರ ನಾಲ್ಕೈದು ನೂರು ರೂಪಾಯಿ ಮುಂಗಡ ಹಾಕಿದ ಹಾಗೆ ಆಗುತ್ತದೆ. ದಿನಗೂಲಿಯವರಿಗೆ ಅದೂ ಕಷ್ಟ, ಗೊತ್ತು. ಅವರು ಸಂಬಳ ಬಟವಾಡೆ ಆದ ದಿನ ಎಂದಿನ ನೂರರ ಬದಲು ಇನ್ನೂರು ಹಾಕಿಸಿ, ಆ ಹೆಚ್ಚಿನ ಸುಮಾರು ಒಂದು ಲೀಟರನ್ನು ಮುಟ್ಟದೆ ಓಡಿಸಿದರೂ ಆಯಿತು. 45, 50 ಕಿಲೋಮೀಟರ್ ಕೊಡುವ ಬೈಕಿಗೆ ಒಂದು ಲೀಟರ್ ಅಂದರೆ ದಿನಕ್ಕೆ 15 ಕಿಲೋಮೀಟರ್ ಓಡುವವನಿಗೆ ಮೂರು ದಿನ. ಮುಷ್ಕರ ಮುಗಿಯಲು ಅಷ್ಟು ಸಾಕು.

ನಿಮ್ಮ ಲೆಕ್ಕ ನಿಮಗೆ ಗೊತ್ತಿರಲಿ. ವಾರಕ್ಕೆ ಎಷ್ಟು ಕಿಲೋಮೀಟರ್ ಓಡುತ್ತೀರಿ, ಗಾಡಿ ನಿಜಕ್ಕೂ ಎಷ್ಟು ಕೊಡುತ್ತದೆ ಅಂತ ಒಮ್ಮೆ ಬರೆದಿಡಿ. ಶೋರೂಮಿನವರು ಹೇಳಿದ ಮೈಲೇಜ್ ಬೇಡ. ಸುದ್ದಿ ಬಂದ ದಿನ ‘ನನಗೆ ಇನ್ನೂ ಆರು ದಿನಕ್ಕೆ ಸಾಕು’ ಅಂತ ಗೊತ್ತಿದ್ದವನು ಗಾಬರಿಯಾಗುವುದಿಲ್ಲ.

ಡೀಸೆಲ್ ಗಾಡಿಯವರಿಗೆ ಒಂದು ಮಾತು. ಟ್ಯಾಂಕ್ ಪೂರ್ತಿ ಒಣಗಿಸಿದರೆ ಪೈಪಿನಲ್ಲಿ ಗಾಳಿ ಹಿಡಿಯುತ್ತದೆ. ಆಮೇಲೆ ಡೀಸೆಲ್ ಹಾಕಿದರೂ ಎಷ್ಟೋ ಸಲ ಗಾಡಿ ಹತ್ತುವುದಿಲ್ಲ, ಮೆಕ್ಯಾನಿಕ್ ಬಂದು ಏರ್ ತೆಗೆಯಬೇಕು. ಈಗಿನ ಪೆಟ್ರೋಲ್ ಕಾರುಗಳಲ್ಲಿ ಪಂಪ್ ಟ್ಯಾಂಕಿನೊಳಗೇ ಇದ್ದು, ಪೆಟ್ರೋಲಿನಿಂದಲೇ ತಣ್ಣಗಾಗುತ್ತದೆ. ಯಾವಾಗಲೂ ತಳ ಮುಟ್ಟಿಸಿ ಓಡಿಸಿದರೆ ಅದಕ್ಕೂ ಒಳ್ಳೆಯದಲ್ಲ.

ಸುದ್ದಿ ಬಂದ ದಿನ

ಮೊದಲು ಮನೆಯಲ್ಲಿ ಕೂತು ಮುಳ್ಳು ನೋಡಿ. ಮೂರು ದಿನಕ್ಕೆ ಸಾಕಾಗುವಷ್ಟು ಇದ್ದರೆ ಹೋಗಬೇಡಿ. ಜನ ಉಪ್ಪು ಹುಳಿ ಹಾಕಿದರೂ ಹೋಗಬೇಡಿ.

ಹೋಗಲೇಬೇಕು ಅನ್ನುವವರು ಸಾಲಿನ ಬಾಲಕ್ಕೆ ನಿಲ್ಲುವ ಮೊದಲು ಗಾಡಿ ಪಕ್ಕಕ್ಕೆ ಹಾಕಿ, ನಡೆದು ಮುಂದೆ ಬಂದು ಕೇಳಿ. ‘ಸ್ಟಾಕ್ ಐತೇನ್ರಿ?’ ಅಂದರೆ ಹುಡುಗರು ‘ಐತ್ರಿ’ ಅಂತಾರೆ, ಆ ಕ್ಷಣಕ್ಕೆ ಅದು ನಿಜವೂ ಹೌದು. ಹಾಗೆ ಕೇಳುವ ಬದಲು ‘ಈ ಸಾಲು ಮುಗಿಯೋತನಕ ಸಾಲ್ತೈತೇನ್ರಿ? ಲೋಡ್ ಡಿಪೋ ಬಿಟ್ಟೈತೋ ಇಲ್ಲೋ?’ ಅಂತ ಕೇಳಿ. ಇಂಡೆಂಟ್ ಹಾಕಿದ್ದೇವೆ ಅನ್ನುವುದಕ್ಕೂ ಟ್ಯಾಂಕರ್ ಡಿಪೋ ಬಿಟ್ಟಿದೆ ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ಮೊದಲನೆಯದನ್ನು ನಂಬಿಕೊಂಡು ಬಿಸಿಲಲ್ಲಿ ನಿಲ್ಲಬೇಡಿ.

ಟ್ಯಾಂಕರ್ ಕಣ್ಣೆದುರು ಬಂದು ನಿಂತ ಕೂಡಲೇ ಪೆಟ್ರೋಲ್ ಸಿಗುತ್ತದೆ ಅಂತ ತಿಳಿಯಬೇಡಿ. ಸೀಲ್ ನೋಡಬೇಕು, ಡೆನ್ಸಿಟಿ (ಸಾಂದ್ರತೆ) ನೋಡಬೇಕು, ಕಿಡಿ ಹಾರದಂತೆ ಅರ್ಥ್ ತಂತಿ ಹಾಕಬೇಕು, ಆಮೇಲೆ ಇಳಿಸಬೇಕು. ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಆ ಟ್ಯಾಂಕಿನ ನಾಜಲ್ ಬಂದ್. ಜನ ಜಾಸ್ತಿ ಕೂಗಾಡುವುದು ಈ ಒಂದು ಗಂಟೆಯಲ್ಲೇ. ‘ಬಚ್ಚಿಟ್ಟುಕೊಂಡಿದ್ದೀರಿ’ ಅಂತಾರೆ. ಟ್ಯಾಂಕರಿನಿಂದ ಪೆಟ್ರೋಲ್ ಸುರಿಯುವ ಹೊತ್ತಿನಲ್ಲಿ ಸುತ್ತ ಇನ್ನೂರು ಗಾಡಿ, ಅದರಲ್ಲಿ ಯಾರೋ ಒಬ್ಬ ಬೀಡಿ ಹಚ್ಚುತ್ತಾನೆ. ನನಗೆ ಭಯ ಆಗುವುದು ಖಾಲಿ ಟ್ಯಾಂಕಿಗಲ್ಲ, ಆ ಬೀಡಿಗೆ.

ಸಾಲಿನಲ್ಲಿ ಎಂಜಿನ್ ಆಫ್ ಮಾಡಿ ತಳ್ಳಿಕೊಂಡು ಬನ್ನಿ. ಪೆಟ್ರೋಲ್ ಹಾಕಿಸಲು ಬಂದವನು ಗಂಟೆಗಟ್ಟಲೆ ಎಸಿ ಹಾಕಿಕೊಂಡು ಕಾರಿನಲ್ಲಿ ಕೂರುವುದನ್ನು ನೋಡಿದ್ದೇನೆ. ಕೈಯಲ್ಲಿ ನೂರು, ಇನ್ನೂರರ ನೋಟು ಇರಲಿ. ಜನಜಂಗುಳಿಯಲ್ಲಿ ನೆಟ್‌ವರ್ಕ್ ಸತಾಯಿಸಿ ಫೋನ್‌ಪೇ ಚಕ್ರ ಸುತ್ತುತ್ತ ನಿಂತರೆ ಹಿಂದಿನವರು ಬಾಯಿಗೆ ಬಂದದ್ದು ಅಂತಾರೆ. ಎಷ್ಟೇ ಅವಸರ ಇರಲಿ, ಮೀಟರ್ ಸೊನ್ನೆಗೆ ಬಂದದ್ದನ್ನು ನೋಡಿಯೇ ಹಾಕಿಸಿ. ಆ ಗದ್ದಲದಲ್ಲಿ ತಪ್ಪು ನಡೆಯುವುದು ಸುಲಭ, ಬೇಕಂತಲೂ ನಡೆಯಬಹುದು. ನಮ್ಮವರೇ ಆದರೂ ಹೇಳುತ್ತಿದ್ದೇನೆ.

ಒಂದು ಬಂಕಿನಲ್ಲಿ ಇಲ್ಲ ಅಂದರೆ ಊರೆಲ್ಲ ಸುತ್ತಬೇಡಿ. ಹುಡುಕುವುದರಲ್ಲೇ ಇದ್ದದ್ದು ಮುಗಿಯುತ್ತದೆ. ಎರಡು ಮೂರು ಬಂಕುಗಳ ಫೋನ್ ನಂಬರ್ ಮೊದಲೇ ಇಟ್ಟುಕೊಳ್ಳಿ. ಬೆಳಗ್ಗೆ ಬೇಗ ಕರೆ ಮಾಡಿದರೆ ಸರಿಯಾದ ಉತ್ತರ ಸಿಗುತ್ತದೆ, ಮಧ್ಯಾಹ್ನದ ಮೇಲೆ ಯಾರೂ ಎತ್ತುವುದಿಲ್ಲ. ನಾವು ಇಂಥ ದಿನ ಸ್ವಲ್ಪ ಡೀಸೆಲ್ ಆಂಬುಲೆನ್ಸ್, ಹಾಲಿನ ಗಾಡಿಗೆ ಅಂತ ತೆಗೆದಿಡುತ್ತೇವೆ. ಅವರನ್ನು ಮುಂದೆ ಬಿಟ್ಟರೆ ದಯವಿಟ್ಟು ಜಗಳ ತೆಗೆಯಬೇಡಿ.

ವಾಟ್ಸಾಪಿನಲ್ಲಿ ಸಾಲಿನ ಫೋಟೋ ಬಂದರೆ ಅದು ಯಾವ ಊರಿನದು, ಯಾವ ವರ್ಷದ್ದು ಅಂತ ನೋಡಿ. ಬಂಕಿನ ಬೋರ್ಡಿನಲ್ಲಿ ಯಾವ ಭಾಷೆ ಇದೆ, ದರ ಎಷ್ಟಿದೆ ಅಂತ ದೊಡ್ಡದು ಮಾಡಿ ನೋಡಿದರೆ ಸಾಕು. ಪೆಟ್ರೋಲ್ 72 ರೂಪಾಯಿ ಅಂತ ಕಂಡರೆ ಅದು ಯಾವ ಕಾಲದ್ದೋ.

ಬಾಟಲಿ, ಕ್ಯಾನ್, ಕೊಡ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೊರತೆಯ ದಿನಗಳಲ್ಲಿ ನೀರಿನ ಬಾಟಲಿಯಿಂದ ಹಿಡಿದು ಮನೆಯ ಪ್ಲಾಸ್ಟಿಕ್ ಕೊಡದವರೆಗೆ ತಂದು ನಮ್ಮ ಮುಂದೆ ಹಿಡಿಯುತ್ತಾರೆ. ಕೊಡುವುದಿಲ್ಲ ಅಂದರೆ ಸಿಟ್ಟು.

ಕಾನೂನು ಹೀಗಿದೆ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು ಒಟ್ಟು 30 ಲೀಟರ್ ಮೀರದಂತೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಪಾತ್ರೆ ಎಂಥದ್ದು ಅಂತಲೂ ಅದರಲ್ಲೇ ಹೇಳಿದೆ. ಬಿಗಿ ಮುಚ್ಚಳದ ಲೋಹದ ಡಬ್ಬ ಆದರೆ 25 ಲೀಟರ್ ಒಳಗಿನದು, ಗಾಜಿನದಾದರೆ ಒಂದು ಲೀಟರ್ ಮೀರಬಾರದು. ಕೋಲಾ ಬಾಟಲಿಯ ಮಾತೇ ಇಲ್ಲ. ‘30 ಲೀಟರ್ ಇಡಬಹುದಂತೆ’ ಅಂತ ಅರ್ಧ ಓದಿಕೊಂಡು ಬರುವವರು ಉಳಿದರ್ಧವನ್ನೂ ಓದಬೇಕು.

ಕಾಯ್ದೆ ಬಿಡುತ್ತದೆ ಅಂದರೂ ನಾನು ಬೇಡ ಅಂತಲೇ ಹೇಳುತ್ತೇನೆ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಕೇಳಬೇಕೇ? ಆ ಆವಿ ಗಾಳಿಗಿಂತ ಭಾರ. ಮೇಲೆ ಹೋಗಿ ಚದುರುವುದಿಲ್ಲ, ನೆಲ ಹಿಡಿದು ಹರಿಯುತ್ತದೆ. ಜಗಲಿ ಮೂಲೆಯ ಕ್ಯಾನಿನಿಂದ ಹೊರಟದ್ದು ಹೊಸಿಲು ದಾಟಿ ಅಡುಗೆಮನೆಯ ಒಲೆಗೋ, ದೇವರ ಮನೆಯಲ್ಲಿ ನೆಲದ ಮೇಲಿಟ್ಟ ದೀಪಕ್ಕೋ ಮುಟ್ಟುತ್ತದೆ. ಕ್ಯಾನಿಗೂ ದೀಪಕ್ಕೂ ಹತ್ತಾರು ಅಡಿ ದೂರ ಇದೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಜೊತೆಗೆ ಈಗ ಬರುವುದು ಎಥೆನಾಲ್ ಬೆರೆತ ಪೆಟ್ರೋಲ್. ಅದು ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಇಟ್ಟು ಗಾಡಿಗೆ ಹಾಕಿದರೆ ಮೆಕ್ಯಾನಿಕ್‌ಗೆ ಲಾಭ.

ಟ್ಯಾಂಕಿನಿಂದ ಟ್ಯಾಂಕಿಗೆ ತೆಗೆಯಲು ಪೈಪ್ ಹಾಕಿ ಬಾಯಿಂದ ಎಳೆಯುವ ಚಾಳಿ ಇದೆಯಲ್ಲ, ಅದು ಬೇಡವೇ ಬೇಡ. ನೂರಿನ್ನೂರು ರೂಪಾಯಿಗೆ ಒಳ್ಳೆಯ ಕೈಪಂಪೇ ಸಿಗುತ್ತದೆ. ಯಾರಾದರೂ ನುಂಗಿಬಿಟ್ಟರೆ ವಾಂತಿ ಮಾಡಿಸಲು ಹೋಗಬೇಡಿ. ಹೊಟ್ಟೆಗಿಂತ ಅದು ಶ್ವಾಸಕೋಶಕ್ಕೆ ಇಳಿದರೆ ಹೆಚ್ಚು ಅಪಾಯ. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಡೀಸೆಲ್ ವಿಷಯ ಸ್ವಲ್ಪ ಬೇರೆ. ಅಷ್ಟು ಬೇಗ ಆವಿಯಾಗುವುದಿಲ್ಲ, ಕಾಯ್ದೆಯೂ ಅಷ್ಟು ಬಿಗಿ ಇಲ್ಲ. ರೈತರು ಕ್ಯಾನಿನಲ್ಲಿ ಒಯ್ಯುವುದು ನಮ್ಮ ಕಡೆ ದಿನನಿತ್ಯದ ಮಾತು. ತುಂಬುವಾಗ ಕ್ಯಾನನ್ನು ಟ್ರ್ಯಾಕ್ಟರ್ ಟ್ರೇಲರಿನಲ್ಲೋ ಬೈಕಿನ ಮೇಲೋ ಇಡದೆ ನೆಲಕ್ಕೆ ಇಳಿಸಿ. ಕಂಠಮಟ್ಟ ತುಂಬಿಸಬೇಡಿ. ನೀರು ಸೇರದಂತೆ ನೋಡಿಕೊಳ್ಳಿ. ಹಳೆಯ ಔಷಧಿ ಕ್ಯಾನ್ ತೊಳೆದು ತಂದು, ತಳದಲ್ಲಿ ನೀರು ಉಳಿದಿದ್ದರೆ ಆಮೇಲೆ ‘ಬಂಕಿನ ಡೀಸೆಲ್ ಸರಿಯಿಲ್ಲ’ ಅಂತಾರೆ.

ಬಿತ್ತನೆ ಹೊತ್ತಿಗೆ ಡೀಸೆಲ್ ಇಲ್ಲದಿದ್ದರೆ

ಪಟ್ಟಣದವರಿಗೆ ಎರಡು ದಿನ ಬೈಕ್ ನಿಂತರೆ ಬಸ್ ಇದೆ. ಹದ ಮಳೆ ಬಿದ್ದ ಮೇಲೆ ಗೋವಿನಜೋಳ ಬಿತ್ತುವವನಿಗೆ ಎರಡು ದಿನ ಅಂದರೆ ಹದವೇ ತಪ್ಪಿದ ಹಾಗೆ. 2022ರಲ್ಲಿ ನಮ್ಮಲ್ಲಿ ನಿಜಕ್ಕೂ ಪಾಡು ಪಟ್ಟವರು ಇವರೇ. ಕಾರಿನವರು ಫುಲ್ ಟ್ಯಾಂಕ್ ಮಾಡಿಸಿಕೊಂಡು ಹೋದ ಮೇಲೆ ಉಳಿದದ್ದಕ್ಕೆ ಕ್ಯಾನ್ ಹಿಡಿದು ನಿಂತರು.

ರೈತರಿಗೆ ನಾನು ಹೇಳುವುದು ಇಷ್ಟು. ಮೇ ಕೊನೆಯಲ್ಲೇ ನಿಮ್ಮ ಬಂಕಿನವರಿಗೆ ಎಷ್ಟು ಬೇಕಾಗಬಹುದು ಅಂತ ಹೇಳಿಡಿ. ಇಂಡೆಂಟ್ ಹಾಕುವಾಗ ನಮಗೂ ಲೆಕ್ಕ ಸಿಗುತ್ತದೆ. ಅಕ್ಕಪಕ್ಕದ ಹೊಲದವರು ಸೇರಿ ಒಂದೇ ಟ್ರ್ಯಾಕ್ಟರ್ ಕರೆಸಿ, ಒಂದೇ ಸುತ್ತಿನಲ್ಲಿ ಮುಗಿಸಿ. ಊರಿಂದ ಹೊಲಕ್ಕೆ, ಹೊಲದಿಂದ ಊರಿಗೆ ಖಾಲಿ ಓಡುವುದರಲ್ಲೇ ಎಷ್ಟೋ ಡೀಸೆಲ್ ಹೋಗುತ್ತದೆ. ಎತ್ತು ಇದ್ದವರು ಎಡೆ ಹೊಡೆಯಲು (ಬೆಳೆಸಾಲಿನ ನಡುವಿನ ಕಳೆ ತೆಗೆಯಲು) ಟ್ರ್ಯಾಕ್ಟರ್ ಕರೆಸಬೇಡಿ. ಎತ್ತು ಎಲ್ಲಿವೆ ಅಂತ ಕೇಳುತ್ತೀರಿ, ನಿಜ, ಕಡಿಮೆಯಾಗಿವೆ. ಆದರೂ ಊರಿಗೆ ನಾಲ್ಕು ಜೋಡಿಯಾದರೂ ಸಿಗುತ್ತವೆ, ಅಲ್ವಾ?

ಇದ್ದದ್ದರಲ್ಲೇ ಹೆಚ್ಚು ದಿನ ದೂಡುವುದು

ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದಲ್ಲಿ ಓಡಿಸಿದರೆ ಇಂಧನ ಉಳಿಯುತ್ತದೆ ಅಂತ ಪೆಟ್ರೋಲಿಯಂ ಸಂರಕ್ಷಣಾ ಸಂಘದವರು ಹಿಂದಿನಿಂದಲೂ ಹೇಳುತ್ತಾರೆ. ಹೆದ್ದಾರಿಯಲ್ಲಿ ಕೇಳುವವರು ಕಡಿಮೆ. ಟೈರಿನ ಗಾಳಿ, ಬೈಕಿನ ಚೈನು ಎರಡನ್ನೂ ನೋಡಿಕೊಳ್ಳಿ. ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಬಿಡುವ ಸಾಹಸ ಬೇಡ, ಕಾರಿನ ಬ್ರೇಕ್ ಕೈಕೊಡುತ್ತದೆ. ಸಂತೆ, ಬ್ಯಾಂಕು, ಔಷಧಿ ಅಂಗಡಿ ಒಂದೇ ಸುತ್ತಿನಲ್ಲಿ ಮುಗಿಸಿ. ಸರ್ಕಾರಿ ಬಸ್ಸುಗಳಿಗೆ ಹೆಚ್ಚಾಗಿ ಬಸ್ ಡಿಪೋದಲ್ಲೇ ಪಂಪ್ ಇರುವುದರಿಂದ ಬಂಕ್ ಖಾಲಿಯಾದ ತಕ್ಷಣ ಅವು ನಿಲ್ಲುವುದಿಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚೂ ಇಲ್ಲ. ಮನೆಯ ಒಂದು ಬೈಕಿನ ಕೆಲಸವನ್ನಾದರೂ ಬಸ್ಸಿಗೆ ಬಿಡಬಹುದು.

ಗ್ಯಾಸ್ ತಡವಾದಾಗ ಅಡುಗೆಮನೆ

ಸಿಲಿಂಡರ್ ವಿಷಯದಲ್ಲಿ ನನ್ನ ಹೆಂಡತಿಯೇ ಗುರು. ಎರಡು ಸಿಲಿಂಡರಿನ ಕನೆಕ್ಷನ್ ಇದ್ದರೆ, ಎರಡನೆಯದನ್ನು ಒಲೆಗೆ ಹಾಕಿದ ದಿನವೇ ಬುಕ್ ಮಾಡುವುದು ಅವಳ ಪದ್ಧತಿ. ಒಂದೇ ಇದ್ದವರು ಉಳಿದದ್ದೆಷ್ಟು ಅಂತ ತೂಗಿ ನೋಡಬೇಕು. ಸಿಲಿಂಡರಿನ ಮೇಲೆ ಖಾಲಿ ತೂಕ ಬರೆದಿರುತ್ತದೆ. ತೂಗಿದ್ದರಲ್ಲಿ ಅದನ್ನು ಕಳೆದರೆ ಗ್ಯಾಸ್ ಎಷ್ಟಿದೆ ಅಂತ ಸಿಗುತ್ತದೆ. ತುಂಬಿದ ಮನೆಬಳಕೆ ಸಿಲಿಂಡರಿನಲ್ಲಿ 14.2 ಕಿಲೋ ಇರಬೇಕು. ತಂದುಕೊಟ್ಟವರ ಮುಂದೆಯೇ ತೂಗಿಸುವುದು ನಿಮ್ಮ ಹಕ್ಕು, ಗಲಾಟೆಯ ದಿನಗಳಲ್ಲಿ ಇನ್ನೂ ಮುಖ್ಯ. ತಕ್ಕಡಿ ಇಲ್ಲದಿದ್ದರೆ ಒದ್ದೆ ಬಟ್ಟೆಯಿಂದ ಸಿಲಿಂಡರ್ ಒರೆಸಿ ಸ್ವಲ್ಪ ಬಿಡಿ. ಗ್ಯಾಸ್ ಇರುವ ಭಾಗ ತಡವಾಗಿ ಆರುತ್ತದೆ.

ಮುಗಿಯುತ್ತ ಬಂದ ಸಿಲಿಂಡರನ್ನು ಮಲಗಿಸುವುದು, ಬಿಸಿನೀರಿನಲ್ಲಿ ಇಡುವುದು ಮಾಡಬೇಡಿ. ಮಲಗಿಸಿದರೆ ದ್ರವವೇ ಪೈಪಿಗೆ ಬರುತ್ತದೆ, ಒಲೆ ಭಗ್ ಅನ್ನುತ್ತದೆ. ಸೋರುವ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಉಳಿಸುವ ದಾರಿ ನಮ್ಮ ಕಡೆಯ ಹೆಂಗಸರಿಗೆ ಮೊದಲೇ ಗೊತ್ತಿದೆ. ದಿನಾ ಹೊತ್ತಿಗೆ ನಾಲ್ಕು ಬಿಸಿ ರೊಟ್ಟಿ ಬಡಿದರೆ ಪ್ರತಿ ಸಲ ಹಂಚು ಕಾಯಿಸಲೇಬೇಕು. ಅದರ ಬದಲು ಒಂದು ದಿನ ಕೂತು ಮೂವತ್ತು ನಲವತ್ತು ಕಟಿ ರೊಟ್ಟಿ ಮಾಡಿಟ್ಟರೆ ಕಾದ ಹಂಚಿನಲ್ಲೇ ಎಲ್ಲ ಮುಗಿಯುತ್ತದೆ. ತೆಳ್ಳಗೆ ಬಡಿದು, ಎರಡೂ ಮಗ್ಗುಲು ಬೇಯಿಸಿ, ಕೊನೆಗೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತಿ ಒತ್ತಿ ಒಣಗಿಸಬೇಕು. ನಡುವೆ ಮೆತ್ತಗೆ ಉಳಿದರೆ ಬೂಷ್ಟು ಹಿಡಿಯುತ್ತದೆ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿದರೆ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿಪುಡಿ, ಮೊಸರು, ಹಸಿ ಉಳ್ಳಾಗಡ್ಡಿ ಇದ್ದರೆ ಒಲೆ ಹಚ್ಚದೆ ಊಟ. ಬೇಳೆ, ಕಾಳು ರಾತ್ರಿಯೇ ನೆನೆಹಾಕಿ. ಅನ್ನ, ಬೇಳೆ ಒಂದೇ ಕುಕ್ಕರಿನಲ್ಲಿ ಎರಡು ಡಬ್ಬಿ ಇಟ್ಟು ಬೇಯಿಸಿ.

ಇಂಡಕ್ಷನ್ ಒಲೆ ತರಲು ಎಲ್ಲರೂ ಒಂದೇ ದಿನ ಅಂಗಡಿಗೆ ಓಡುತ್ತಾರೆ, ಅಲ್ಲಿಯೂ ಅದೇ ಕಥೆ. ಬೇಕಿದ್ದರೆ ಗಲಾಟೆ ಇಲ್ಲದಾಗ ತೆಗೆದುಕೊಳ್ಳಿ. ಅಲ್ಯುಮಿನಿಯಂ ಪಾತ್ರೆ ಅದರ ಮೇಲೆ ಕೆಲಸ ಮಾಡುವುದಿಲ್ಲ, ಆಯಸ್ಕಾಂತ ಅಂಟುವ ತಳದ ಪಾತ್ರೆ ಬೇಕು. ಒಂದು ಸಿಲಿಂಡರಿನ ಅಡುಗೆಯನ್ನು ಪೂರ್ತಿ ಅದರಲ್ಲೇ ಮಾಡಿದರೆ ನನ್ನ ಲೆಕ್ಕದಲ್ಲಿ ಹತ್ತಿರಹತ್ತಿರ 130 ಯೂನಿಟ್ ಕರೆಂಟ್ ಬೇಕು. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುತ್ತಿರುವವರು ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಹಾಲು, ಚಹಾ, ಅನ್ನ ಇಂಡಕ್ಷನ್ನಿಗೆ, ರೊಟ್ಟಿ ಗ್ಯಾಸಿಗೆ ಅಂತ ಹಂಚಿಕೊಂಡರೆ ಎರಡೂ ನಿಭಾಯಿಸುತ್ತವೆ.

ಲೋಡ್ ಬಂದ ಮೇಲೆ

ಮೊದಲ ಟ್ಯಾಂಕರ್ ಬಂದ ದಿನ ಮತ್ತೆ ನುಗ್ಗಬೇಡಿ. ಎರಡನೆಯದು ಬರಲಿ. ಸಾಲು ತಾನಾಗಿ ಕರಗುತ್ತದೆ, ಹುಡುಗರ ಮುಖದಲ್ಲಿ ನಗುವೂ ಬರುತ್ತದೆ. ಆಗ ನಿಧಾನವಾಗಿ ಬಂದು ಅರ್ಧ ಟ್ಯಾಂಕಿನ ರೂಢಿಗೆ ಮರಳಿ. ಗಾಬರಿಯಲ್ಲಿ ಯಾರಾದರೂ ಮನೆಯಲ್ಲಿ ಪೆಟ್ರೋಲ್ ತಂದಿಟ್ಟಿದ್ದರೆ ಅದನ್ನು ಮೊದಲು ಗಾಡಿಗೆ ಹಾಕಿ ಮುಗಿಸಿ, ಅಂಗಳದಲ್ಲಿ, ಹಗಲು ಹೊತ್ತಿನಲ್ಲಿ, ಎಂಜಿನ್ ತಣ್ಣಗಿರುವಾಗ. ಖಾಲಿಯಾದ ಡಬ್ಬವನ್ನು ಒಳಗೆ ಒಯ್ಯಬೇಡಿ. ತುಂಬಿದ ಡಬ್ಬಕ್ಕಿಂತ ಖಾಲಿ ಡಬ್ಬದಲ್ಲೇ ಆವಿಗೆ ಜಾಗ ಜಾಸ್ತಿ. ಮುಚ್ಚಳ ತೆಗೆದು, ಮಕ್ಕಳ ಕೈಗೆ, ಬೆಂಕಿ ಕಿಡಿಗೆ ಸಿಗದ ಕಡೆ ಹೊರಗೆ ನೆರಳಲ್ಲಿಡಿ. ಆ ಡಬ್ಬವನ್ನು ಆಮೇಲೆ ನೀರಿಗಾಗಲಿ ಎಣ್ಣೆಗಾಗಲಿ ಬಳಸಬೇಡಿ.